ಹದಿನೈದು ದಿನ

ಅಲಿಕಾಂತೆಯ ಗುಡ್ಡಕ್ಕೆ ಇಂಥ ಕಾಗದ ಆಗಸ್ಟಿನಲ್ಲೇ ಬರುತ್ತದೆ,
ವಕೀಲರೆಲ್ಲ ಕಡಲಲ್ಲಿ ಕಾಲು ನೆನೆಸಿ ಕೂತಿರುವಾಗ.
ತಕರಾರಿದ್ದರೆ ಹದಿನೈದು ದಿನದೊಳಗೆ. ಸ್ಪ್ಯಾನಿಷಿನಲ್ಲಿ.

ಹೆಂಡ್ರಿಕಾ ನಿಘಂಟು ತೆರೆದಳು.
ರಾಟರ್‌ಡ್ಯಾಮಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿದ ಕೈ
ಪದಪದಕ್ಕೂ ನಿಂತು ನಿಂತು ಸಾಗಿತು:
ಹಿತ್ತಲು ಹೋಗುತ್ತದೆ. ಬಾವಿ ಹೋಗುತ್ತದೆ.
ಹೋದದ್ದರ ಮೇಲೆ ರಸ್ತೆ, ದೀಪದ ಕಂಬ, ಯಾರದೋ ಈಜುಕೊಳ.
ಅದರ ಖರ್ಚು
(ಇಲ್ಲಿ ಕನ್ನಡಕ ಒರೆಸಿಕೊಂಡಳು)
ನಿಮ್ಮದೇ.

ಮನೆ ಮೂಗು, ಬಿಲ್ಲು ಮೂಗುತಿ. ಯಾವುದು ಭಾರ?

ಪಕ್ಕದ ತೋಟದ ವಿಸೆಂತಾ ಬಂದಳು, ಕೈಯಲ್ಲಿ ಅದೇ ಕಾಗದ.
"ಹೊರಗಿನವರನ್ನಷ್ಟೇ ದೋಚುತ್ತಾರೆ ಅಂದುಕೊಂಡಿದ್ದೆ.
ನಮ್ಮಜ್ಜ ನೆಟ್ಟ ಬಾದಾಮಿಗೂ ಕೆಂಪು ಬಣ್ಣ ಬಳಿದಿದ್ದಾರೆ."
ಹನ್ನೊಂದು ವರ್ಷ ಬೇಲಿಯಾಚೆಯಿಂದ ಕೈಬೀಸಿದ್ದಷ್ಟೇ;
ಈಗ ಒಂದೇ ಮೇಜು, ಮಸಿ ಮುಗಿಯುತ್ತಿರುವ ಒಂದೇ ಪೆನ್ನು.

ಹದಿನಾಲ್ಕನೆಯ ದಿನ ಪುರಸಭೆಯ ಬಾಗಿಲಲ್ಲಿ ನಲವತ್ತು ಮಂದಿ.
ಗುಮಾಸ್ತ ತಲೆಯೆತ್ತದೆ ಮುದ್ರೆ ಒತ್ತುತ್ತ ಹೋದ.
ಕೊನೆಗೆ ವಿಸೆಂತಾ ಏಪ್ರನ್ನಿನ ಜೇಬಿಂದ
ಒಂದು ಹಿಡಿ ಬಾದಾಮಿ ತೆಗೆದು ಅವನ ಮುಂದೆ ಸುರಿದಳು:
"ಇದು ಮರದ ತಕರಾರು. ಇದಕ್ಕೂ ಒತ್ತು."

ಅವನೊಂದು ಬಾಯಿಗೆ ಹಾಕಿಕೊಂಡ.
ಕಹಿಯಿತ್ತೋ ಏನೋ,
ಆಗ ತಲೆಯೆತ್ತಿದ.