ನೀರು ಕಾಯುವ ತನಕ

ಪರದೆಯ ಮೇಲೆ ನನ್ನ ಹೆಸರು ನ್ಯೂ ತಾಜ್ ಸಿಲ್ಕ್ಸ್.
ಫೋನು ಭಾವನದು, ಬದಲಿಸಲು ನನಗೆ ಬರಲಿಲ್ಲ.
ಎಂಟು ಮಂಗಳವಾರ, ರಾತ್ರಿ ಒಂಬತ್ತಕ್ಕೆ,
ಇಪ್ಪತ್ತಮೂರು ಚೌಕಗಳಲ್ಲಿ ಒಂದಾಗಿ ಕೂತು
ಕವಿತೆ ಕಲಿತೆ. ಫೀಸು ಸಾವಿರದಿನ್ನೂರು,
ಅವತ್ತಿನ ಹರಾಜಿನಲ್ಲಿ ಎರಡು ಕೆಜಿ ಗೂಡು.
ಲಾಟು ತೂಕದಲ್ಲಿ ಕಮ್ಮಿ ಬಂತೆಂದು ಮನೆಯಲ್ಲಿ ಹೇಳಿದೆ.
ನಾನು ಕಟ್ಟಿದ ಮೊದಲ ಕತೆ ಅದೇ.

‘ತಾಜ್ ಸಿಲ್ಕ್ಸ್ ಅವರೇ, ಈಗ ನೀವು ಓದಿ’
ಅನ್ನುತ್ತಿದ್ದರು ಮೇಡಂ, ಧಾರವಾಡದಿಂದ.
ಮ್ಯೂಟ್ ತೆಗೆದರೆ ಸಾಕು,
ಅತ್ತಿಗೆಯ ಕೆಮ್ಮು, ಓಣಿಯ ಆಟೋ, ಪಕ್ಕದ ಶೆಡ್ಡಿನ ಮೋಟರು
ನನಗಿಂತ ಮೊದಲು ಓದಿ ಮುಗಿಸುತ್ತಿದ್ದವು.

ಮೂರನೇ ವಾರ ಗೂಡು ಬೇಯಿಸುವುದನ್ನು ಬರೆದೆ,
ಬಿಸಿನೀರಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕುವುದನ್ನು.
‘ಎಂಥಾ ರೂಪಕ! ಮನಸ್ಸಿನ ಗೂಡು, ಮಾತಿನ ಎಳೆ’
ಅಂದರು ಮೈಸೂರಿನವರೊಬ್ಬರು.
ಕೆಂಪು ಹೃದಯಗಳು ಆರೇಳು ಪರದೆಯಲ್ಲಿ ತೇಲಿಹೋದವು.

ರೂಪಕ ಅಲ್ಲ ಸ್ವಾಮಿ, ಬೆರಳು.
ಹತ್ತರಲ್ಲಿ ನಾಲ್ಕಕ್ಕೆ ಗೆರೆಗಳೇ ಇಲ್ಲ.
ರೇಷನ್ ಅಂಗಡಿಯ ಯಂತ್ರಕ್ಕೆ
ನಾನು ನಾನೆಂದು ಇನ್ನೂ ನಂಬಿಕೆ ಬಂದಿಲ್ಲ.
ಇದನ್ನೆಲ್ಲ ಹೇಳಲಿಲ್ಲ.
ಥ್ಯಾಂಕ್ಸ್ ಅಂದೆ, ಮ್ಯೂಟ್ ಹಾಕಿಕೊಂಡೆ.

ಕೊನೆಯ ಮಂಗಳವಾರ ಎಲ್ಲರೂ ಮಾತು ಕೊಟ್ಟೆವು:
ದಿನವೂ ಹತ್ತು ನಿಮಿಷ, ಏನೇ ಆಗಲಿ.
ಮೊದಲ ವಾರ ಇಪ್ಪತ್ತಮೂರು ಕವಿತೆ ಬಂದವು ಗ್ರೂಪಿಗೆ.
ಆಮೇಲೆ ಒಂಬತ್ತು.
ಆಮೇಲೆ ಶುಭೋದಯದ ಗುಲಾಬಿ,
ಯಾರದೋ ಮೂವತ್ತು ನಲವತ್ತರ ಸೈಟು ಮಾರಾಟಕ್ಕಿದೆ.

ಒಂದು ದಿನ ಸಿಂಧನೂರಿನಿಂದ ಫೋನು.
‘ತಾಜ್ ಸಿಲ್ಕ್ಸ್ ಅಕ್ಕಾ, ನಿಮ್ಮ ಹೆಸರೇನ್ರಿ?’
ಎಂಟು ವಾರ ಯಾರೂ ಕೇಳಿರಲಿಲ್ಲ.
ಮುಬೀನಾ, ಅಂದೆ. ನನಗೇ ಹೊಸದಾಗಿ ಕೇಳಿಸಿತು.
ಅವಳು ಹುಲಿಗೆಮ್ಮ. ಬಸ್‌ಸ್ಟ್ಯಾಂಡಿನ ಹಿಂದೆ ಇಡ್ಲಿ ಬಂಡಿ.
‘ನಸಿಕಿನ್ಯಾಗ ಐದಕ್ಕ ನೀರ ಇಡ್ತೀನ್ರಿ,
ಕುದಿಯೂತನಕ ನನಗ ಕೆಲಸಿಲ್ಲ.’
ಶಿಡ್ಲಘಟ್ಟದಲ್ಲಿ ನನಗೂ ಇಲ್ಲ.

ಈಗ ಎರಡೇ ಚೌಕ.
ಅವಳ ಕಡೆ ಇಡ್ಲಿ ಪಾತ್ರೆ, ನನ್ನ ಕಡೆ ಗೂಡಿನ ಬಾಣಲೆ.
ನೀರು ಕಾಯುತ್ತದೆ, ನಾವು ನೀರನ್ನು ಕಾಯುತ್ತೇವೆ.
ಮಾತಿಲ್ಲ, ಮ್ಯೂಟೂ ಇಲ್ಲ.
ಇಲ್ಲಿಯ ಅಜಾನ್ ಅಲ್ಲಿಗೆ, ಅಲ್ಲಿಯ ಬಸ್ಸಿನ ಹಾರನ್ ಇಲ್ಲಿಗೆ.
ಹುಳದ ವಾಸನೆ ಮಾತ್ರ ಅವಳಿಗೆ ತಲುಪುವುದಿಲ್ಲ.
ಪುಣ್ಯ.
ಅವಳು ಲೆಕ್ಕದ ಪುಸ್ತಕದ ಹಿಂದಿನಿಂದ ಬರೆಯುತ್ತಾಳೆ,
ನಾನು ಹಳೆಯ ಲಾಟು ಚೀಟಿಗಳ ಬೆನ್ನಿನ ಮೇಲೆ,
ಮನೆಯಲ್ಲಿ ಉರ್ದು, ಮಾರ್ಕೆಟ್ಟಿನಲ್ಲಿ ತೆಲುಗು,
ಚೀಟಿಯ ಹಿಂದೆ ಕನ್ನಡ.

ಕೆಟ್ಟ ಸಾಲನ್ನೂ ಎಸೆಯಬೇಡಿ ಎಂದಿದ್ದರು ಮೇಡಂ.
ನಮ್ಮೂರವರಿಗೆ ಅದನ್ನು ಕಲಿಸಬೇಕೆ?
ಇಲ್ಲಿ ಜಿಲ್ಲಿಗೂ ಗಿರಾಕಿ ಇದ್ದಾರೆ.

ಬರೆಯದ ದಿನಗಳೂ ಇವೆ.
ಅಮ್ಮನ ಕಣ್ಣಿನ ಆಪರೇಷನ್ನಿಗೆ ಹನ್ನೊಂದು ದಿನ,
ಬಾಯ್ಲರು ಸೋರಿ ನಾಲ್ಕು,
ಸುಮ್ಮನೆ, ಕಾರಣವೇ ಇಲ್ಲದೆ, ಒಂದಿಡೀ ತಿಂಗಳು.
ಮರಳಿ ಬಂದಾಗ ಹುಲಿಗೆಮ್ಮ ಏನೂ ಕೇಳಲಿಲ್ಲ,
ಒಲೆಯ ಕಡೆ ತಿರುಗಿಸಿದ್ದ ಫೋನನ್ನು ತನ್ನ ಕಡೆ ತಿರುಗಿಸಿದಳು.
ಎಳೆ ತುಂಡಾಯಿತೆಂದು ಯಾವ ರೀಲರೂ
ಅತ್ತದ್ದನ್ನು ನಾನು ಕಂಡಿಲ್ಲ.
ಇನ್ನೊಂದು ಗೂಡಿನ ತುದಿ ಎತ್ತಿ ಎಸೆಯುತ್ತೇವೆ,
ಓಡುವ ನೂಲಿಗೆ ತಾನೇ ಹತ್ತಿಕೊಳ್ಳುತ್ತದೆ.

ನೋಡಿ, ನಾನೂ ಬಿದ್ದೆ ರೂಪಕಕ್ಕೆ.
ಮೈಸೂರಿನವರಿಗೆ ಹೇಳಬೇಡಿ.

ಇವತ್ತು ಅವಳ ಚೌಕದಲ್ಲಿ ಬರೀ ಹಬೆ.
ಕೆಮ್ಮುತ್ತಾ ಕೇಳುತ್ತಾಳೆ, ‘ಎಷ್ಟ ಆತ್ರಿ ಅಕ್ಕಾ?’
ಒಂದು ಸಾಲು, ಅದರಲ್ಲೂ ಕೊನೆಯ ಪದ ಹೊಡೆದುಹಾಕಿದ್ದೇನೆ.
ಬಾಣಲೆಗೆ ಬೆರಳಿಟ್ಟು ನೋಡಿದೆ.
ಬರಿ ಹುಲಿಗೆಮ್ಮಾ,
ನೀರು ಇನ್ನೂ ಕಾದಿಲ್ಲ.