ಎರಡಿಪ್ಪತ್ತು ಮತ್ತು ಹದಿನಾರು

ಟೀಚರು ಚೀಟಿ ಕಳಿಸಿದ್ದರು:
‘ಮನೆಯಲ್ಲಿ ದಿನಕ್ಕೆ ಇಪ್ಪತ್ತು ನಿಮಿಷ ಮಗ್ಗಿ ಹೇಳಿಸಿ.
ತೇಕ್ಲಾ ೭ × ೮ರ ಹತ್ತಿರ ನಿಂತುಬಿಡುತ್ತಾಳೆ.’
ಕೆಳಗೆ ಅಪ್ಪನ ಸಹಿಗೆಂದು ಒಂದು ಗೆರೆ.
ಹಿಟ್ಟು ಮೆತ್ತಿದ ಹೆಬ್ಬೆರಳು ತಾಗಿತು,
ಅದೇ ಸಹಿಯಾಯಿತು.

ನಾನೂ ಅಲ್ಲೇ ನಿಂತವನು, ಅದನ್ನು ಹೇಗೆ ಬರೆಯಲಿ?
ಮೂರನೇ ತರಗತಿಯ ಚಳಿಗಾಲ,
ಜೆಸ್ತಫೋನಿ ಊರಿಗೇ ಕರೆಂಟಿರಲಿಲ್ಲ.
ತರಗತಿಯ ಒಲೆಗೆ ಮಗುವಿಗೊಂದು ಸೌದೆ ತರಬೇಕು.
ಸೌದೆ ಮುಗಿದ ದಿನ ಪಾಠವೂ ಮುಗಿಯಿತು.
ಆರರ ಮಗ್ಗಿಯಿಂದಾಚೆಗಿನದೆಲ್ಲ
ನನಗಿನ್ನೂ ಕತ್ತಲು.

ಮೊದಲ ರಾತ್ರಿ ಗದರಿದೆ.
ಗೊತ್ತಿಲ್ಲದವನ ದನಿ ಯಾವಾಗಲೂ ಒಂದು ಗೇಣು ಮೇಲೆ.
ಅವಳು ೫೪ ಎಂದು ಬರೆದು, ಅಳಿಸಿ,
೫೮ ಎಂದು ಬರೆದು,
ನನ್ನ ಮುಖ ನೋಡಿದಳು.
‘ಸರಿಯಾಗಿ ಬರಿ’ ಎಂದೆ,
ಸರಿ ಯಾವುದೆಂದು ನನಗೇ ತಿಳಿಯದೆ.
ಕಾಗದ ಅಳಿಸಿ ಅಳಿಸಿ ತೂತಾಯಿತು.
ಅವಳಮ್ಮ ಕಾರ್ಖಾನೆಯ ರಾತ್ರಿ ಪಾಳಿಗೆ ಹೊರಟವಳು
ಬಾಗಿಲಲ್ಲಿ ನಿಂತು ಇಷ್ಟೇ ಅಂದಳು:
‘ನಿನಗೆ ಗೊತ್ತಿರೋದನ್ನ ಕಲಿಸು ಜುಂಬೇರ್.’

ನನಗೆ ಗೊತ್ತಿರುವುದು ಒಲೆ.
ಮಣ್ಣಿನ ಬಾವಿಯಂಥದು, ತಳದಲ್ಲಿ ಬೆಂಕಿ,
ಸೊಂಟದವರೆಗೆ ಬಾಗಿ ಒಳಗೋಡೆಗೆ
ದೋಣಿಯಾಕಾರದ ರೊಟ್ಟಿ ಬಡಿದು ಅಂಟಿಸಬೇಕು.
ಒಂದು ಸುತ್ತಿಗೆ ಎಂಟು. ಅದಕ್ಕಿಂತ ಹಿಡಿಸದು.
ಬೆಳಗಿನ ಜಾವ ನಿದ್ದೆಗಣ್ಣಲ್ಲೇ ಕರೆದುಕೊಂಡು ಹೋದೆ,
ಕೈಗೊಂದು ಸೀಮೆಸುಣ್ಣ ಕೊಟ್ಟೆ.
ಸುತ್ತಿಗೊಂದು ಗೀಟು ಬಾಗಿಲ ಮೇಲೆ.
ಏಳು ಗೀಟಿನ ಹೊತ್ತಿಗೆ ಕಿಟಕಿ ಬಿಳಿಚಿತ್ತು.

ಎಣಿಸುವುದು ನನ್ನಮ್ಮ ಜುಜುನಾಳ ಕೆಲಸ.
ಅವಳು ಸ್ಲೇಟು ಮುಟ್ಟಿದವಳಲ್ಲ.
ಇಪ್ಪತ್ತರ ಕುಪ್ಪೆ ಒಂದು, ಇಪ್ಪತ್ತರ ಕುಪ್ಪೆ ಇನ್ನೊಂದು,
ಮಿಕ್ಕಿದ್ದನ್ನು ಬಟ್ಟೆಯ ಮೇಲೆ ಹರಡಿ
ಜಪದಂತೆ ಅಂದಳು:
‘ಎರಡಿಪ್ಪತ್ತು ಮತ್ತು ಹದಿನಾರು.’

ನಮ್ಮ ಜಾರ್ಜಿಯದ ಮಾತಿನಲ್ಲಿ ಐವತ್ತಕ್ಕೆ ಬೇರೆ ಹೆಸರಿಲ್ಲ,
ಎರಡಿಪ್ಪತ್ತು ಮತ್ತು ಹತ್ತು, ಅಷ್ಟೇ.
ಎಂಬತ್ತೆಂದರೆ ನಾಲ್ಕಿಪ್ಪತ್ತು.
ಹುಟ್ಟಿದಾಗಿನಿಂದ ಗುಣಿಸುತ್ತಲೇ ಮಾತಾಡಿದ್ದೇನೆ,
ಸಾಲ ಕೇಳಿದ್ದೇನೆ, ಸಾಲ ತೀರಿಸಿದ್ದೇನೆ,
ಲೆಕ್ಕ ಬಾರದವನೆಂದು ನಾಚಿಕೊಂಡಿದ್ದೇನೆ.

ತೇಕ್ಲಾ ಸುಣ್ಣದ ಬೆರಳನ್ನು ಬಾಯಲ್ಲಿಟ್ಟುಕೊಂಡಳು.
‘ಎರಡಿಪ್ಪತ್ತರಲ್ಲಿ ಎಂಟು ಐದು ಸಲ ಇದೆ.
ಐದರ ಮಗ್ಗಿ ನಂಗೆ ಬರುತ್ತೆ.
ಹದಿನಾರರಲ್ಲಿ ಎರಡು ಸಲ.
ಐದೂ ಎರಡೂ...’
ಬಾಗಿಲ ಮೇಲಿನ ಗೀಟುಗಳನ್ನು ತಿರುಗಿ ಎಣಿಸಿದಳು.
ನಾನು ಏನೂ ಹೇಳಲಿಲ್ಲ.
ಹೇಳದೆ ಇರುವುದು ಎಷ್ಟು ಕಷ್ಟ,
ಒಲೆಯೊಳಗೆ ಬಾಗಿದ್ದಕ್ಕಿಂತ ಹೆಚ್ಚು ಬೆವರಿದೆ.

ಆಮೇಲೆ ಪಾಲು.
ಆಸ್ಪತ್ರೆ, ಗ್ಯಾರೇಜು, ರೈಲು ನಿಲ್ದಾಣದ ಅಂಗಡಿ,
ಶಾಲೆಯ ಅಡುಗೆಮನೆ, ಕುಂಟ ವಾಲಿಕೋನ ಹೋಟೆಲು:
ಐದು ಬುಟ್ಟಿ.
ಎಲೆ ಹಂಚಿದಂತೆ ಒಂದೊಂದೇ ಇಟ್ಟಳು.
ಹನ್ನೊಂದು ಹನ್ನೊಂದು ಕೂತವು,
ಒಂದು ಕೈಯಲ್ಲೇ ಉಳಿಯಿತು.
‘ಶೇಷ ಅಂತ ಪಕ್ಕದಲ್ಲಿ ಬರೀಬೇಕು’ ಎಂದಳು.
‘ಬರಿಯೋಕೆ ಹೋದರೆ ಆರಿಹೋಗುತ್ತೆ’ ಎಂದು
ಅಜ್ಜಿ ಅದನ್ನು ಹಬೆಯಾಡುತ್ತಿರುವಾಗಲೇ ಹರಿದಳು.
ಪಾಳಿ ಮುಗಿಸಿ ಬಂದ ಅಮ್ಮ
ಕೈ ತೊಳೆಯದೆ ಒಂದು ತುಂಡು ಕಿತ್ತಳು.
ಯಾರ ಪಾಲೂ ಸಮವಿರಲಿಲ್ಲ.

ಈ ರಾತ್ರಿ ಚೀಟಿಗೆ ಉತ್ತರ ಬರೆಯುತ್ತಿದ್ದೇನೆ:
‘ಟೀಚರೇ, ಏಳೆಂಟ್ಲ ಬಂತು. ಇಬ್ಬರಿಗೂ.
ಏಳೊಂಬತ್ಲ ಇನ್ನೂ ಬಂದಿಲ್ಲ.
ಒಲೆಯಲ್ಲಿ ಒಂಬತ್ತನೆಯದಕ್ಕೆ ಜಾಗವಿಲ್ಲ.
ನಾಳೆ ಎಂಟನ್ನೂ ತುಸು ಒತ್ತರಿಸಿ
ಅಂಟಿಸಿ ನೋಡುತ್ತೇವೆ.’