ಹೆಪ್ಪಿನ ಮಣ್ಣು

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು,
ಉಪ್ಪು ಕೊಡಬಾರದು, ಸೂಜಿಯಂತೂ ಬೇಡವೇ ಬೇಡ.
ಗೊತ್ತಿದ್ದೂ ನಮ್ಮ ಸೋದರತ್ತೆ ನಿಂಬೆವ್ವ
ಹೊತ್ತು ಮುಳುಗಿದ ಮೇಲೇ ಹೊರಟಳು,
ಹಸಿ ಗೋಣಿತಟ್ಟು ಹಾಸಿದ ಖಾಲಿ ಬುಟ್ಟಿ ಸೊಂಟಕ್ಕೆ,
ಹಿಂದೆ ನಾನು, ಬ್ಯಾಟರಿ ಹಿಡಿದು.

ಅಂದಾನಪ್ಪನ ಬಾಗಿಲಿಗೆ ಆರು ವರ್ಷ
ನಮ್ಮ ಮನೆಯವರ ನೆರಳು ಬಿದ್ದಿರಲಿಲ್ಲ.
ಬದುವಿನ ಒಂದು ಗೇಣಿಗಾಗಿ
ಯಲಬುರ್ಗಾ ಕೋರ್ಟಿನ ಕಟ್ಟೆ ಸವೆಸಿದ್ದೆವು ಇಬ್ಬರೂ.
ಸರ್ವೆಯವನ ಸರಪಳಿ ಎಳೆದೆಳೆದು
ಕಲ್ಲು ಅತ್ತಿತ್ತ ಆದದ್ದೇ ಬಂತು.

"ಏನ್ ಬೇಕಾಗಿತ್ತು?"
"ಮಣ್ಣು," ಅಂದಳು. "ಒಂದು ಬುಟ್ಟಿ.
ಹ್ವಾದ ವರ್ಷ ನೀವು ಕಡ್ಲಿ ಬಿತ್ತಿದ ಹೊಲದ್ದು. ಬೇರು ಆಡಿದ್ದು."

ಅವನು ನಕ್ಕನೋ ಕೆಮ್ಮಿದನೋ ತಿಳಿಯಲಿಲ್ಲ.

"ನಮ್ಮ ಎರಿಗೆ ಹತ್ತಿ ಹಾಕಿ ಹಾಕಿ,
ಚೀಲದ ಗೊಬ್ಬರ ಉಣಿಸಿ ಉಣಿಸಿ
ಕಡ್ಲಿ ಅನ್ನೋದರ ಗುರ್ತೇ ಮರ್ತೈತಿ.
ಹಾಲು ಐತಿ. ಹೆಪ್ಪಿಲ್ಲ."

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.
ಅಂದಾನಪ್ಪ ಚಪ್ಪಲಿ ಮೆಟ್ಟಿದ, ಸಲಿಕೆ ತಗೊಂಡ.
ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದ:
"ಮ್ಯಾಲಿಂದು ಬಿಸಿಲು ತಿಂದದ್ದು, ಅದು ಬ್ಯಾಡ.
ಒಂದು ಗೇಣು ಕೆಳಗ ಹೋಗಬೇಕು."
ಒಂದು ಗೇಣು!
ನಾನು ಬ್ಯಾಟರಿ ಆರಿಸಿದೆ,
ದೊಡ್ಡವರ ಮುಖ ನೋಡಬಾರದ ಹೊತ್ತು ಅದು.

ಬಿತ್ತಿದ ಇಪ್ಪತ್ತೈದನೇ ದಿನ
ಒಂದು ಗಿಡ ಕಿತ್ತವನೇ ಚೀರಿದೆ: "ಅತ್ತೀ, ಬೇರಿಗೆ ರೋಗ!"
ಗಂಟು, ಗಂಟು, ಸಾಬುದಾಣಿ ಪೋಣಿಸಿದಂತೆ ಗಂಟು.
ಅತ್ತೆ ಒಂದನ್ನು ಉಗುರಿನಿಂದ ಸೀಳಿದಳು.
ಒಳಗೆ ಕೆಂಪು,
ಹಲ್ಲು ಮೂಡುವ ಕೂಸಿನ ಒಸಡಿನ ಕೆಂಪು.
"ಬೆಳ್ಳಗಿದ್ರ ಸುಮ್ಮ ಕುಂತಾವ ಅಂತ.
ಇವು ದುಡಿಯಾಕತ್ತಾವ."

ಗಾಳಿಯಲ್ಲಿ ಸುಮ್ಮನೆ ಅಲೆಯುವ ಸಾರವನ್ನು
ಹಿಡಿದು, ಮುರಿದು, ಬೇರಿಗೆ ಉಣಿಸುವ ಒಕ್ಕಲು ಅದು;
ಎಲೆ ಮೇಲಿಂದ ಸಿಹಿಯಲ್ಲಿ ಕೂಲಿ ಇಳಿಸುತ್ತದೆ.
ಇದೆಲ್ಲ ನಾನು ಓದಿದ್ದು ಎಷ್ಟೋ ವರ್ಷದ ಮೇಲೆ.
ಅತ್ತೆಗೆ ಗೊತ್ತಿದ್ದದ್ದು
ಮುಂದಿನ ಸಲ ಅದೇ ಹೊಲದ ಜೋಳ
ಕೇಳದೆಯೇ ಕಪ್ಪು ಹಸಿರಾಗುತ್ತದೆ ಎಂದಷ್ಟೆ.

ಈಗ ಕುಕನೂರಿನಲ್ಲಿ ಪಾಕೀಟು ಸಿಗುತ್ತದೆ,
ಮೇಲೆ ತಾರೀಖು ಒತ್ತಿರುತ್ತಾರೆ.
ಬೆಲ್ಲದ ನೀರು ಆರಿಸಿ, ಬೀಜಕ್ಕೆ ಸವರಿ,
ನೆರಳಲ್ಲಿ ಹರವುತ್ತೇನೆ.
ಕೈಗೆ ಅಂಟಿದ ಕರಿ ಪುಡಿ ತೊಳೆಯಲು ಮನಸ್ಸಾಗುವುದಿಲ್ಲ,
ಯಾರನ್ನೋ ಬಾಗಿಲಾಚೆ ನಿಲ್ಲಿಸಿದಂತೆ.

ಮೂರನೇ ವರ್ಷ, ಸೀಗಿ ಹುಣ್ಣಿಮೆ ಕಳೆದು,
ದೀಪ ಹಚ್ಚಿದ ಮೇಲೆ
ಅಂದಾನಪ್ಪ ನಮ್ಮ ಅಂಗಳದಲ್ಲಿ ನಿಂತಿದ್ದ.
ತೆಂಕಣ ಹೊಲ ಅವನೂ ಹತ್ತಿಯಿಂದ ಬಿಡಿಸಿದ್ದನಂತೆ.
ಕೈಯಲ್ಲಿ ಬುಟ್ಟಿ.
ಕೇಸು ಇನ್ನೂ ಇತ್ತು, ಬರುವ ಗುರುವಾರವೇ ವಾಯಿದೆ.

ಅತ್ತೆ ಕೇಳಿದ್ದು ಒಂದೇ ಮಾತು:
"ಗೋಣಿತಟ್ಟು ಹಸಿ ಮಾಡ್ಕೊಂಡು ಬಂದೀಯೇನು?"